ಹಳೆಯ ಡೆಂಟನ್ ಸ್ಪೀಕರ್ ಜೋಡಿಗೆ ಸಬ್‌ವೂಫರ್: ಬಹಳ ದಿನ ಬಳಸಿದ ಮೇಲೆ

ಸಬ್‌ವೂಫರ್ (ಕೆಳಗಿನ ಬೇಸ್‌ಗೆಂದೇ ಇರುವ ಸ್ಪೀಕರ್) ಕೊಳ್ಳುವ ಮೊದಲು ಹಳೆಯ ಸ್ಪೀಕರ್‌ಗಳ ಕ್ರಾಸ್‌ಓವರ್ (ಮೇಲಿನ, ಕೆಳಗಿನ ಸ್ವರಗಳನ್ನು ಬೇರೆ ಮಾಡಿ ಹಂಚುವ ಒಳಗಿನ ಸರ್ಕ್ಯೂಟ್) ಸರಿಮಾಡಿಸಿ. ಯಾರು ಕೇಳಿದರೂ ನಾನು ಹೇಳುವ ಮೊದಲ ಮಾತು ಇದೇ.

ನನ್ನವು 1970ರ ದಶಕದ ವಾರ್ಫ್‌ಡೇಲ್ ಕಂಪನಿಯ ಡೆಂಟನ್. ಒಂದೊಂದರಲ್ಲೂ ಎರಡು ಡ್ರೈವರ್ (ಶಬ್ದ ಹೊರಡಿಸುವ ಭಾಗ), ಪೂರ್ತಿ ಮುಚ್ಚಿದ ಮರದ ಪೆಟ್ಟಿಗೆ. ಧಾರವಾಡದ ನಮ್ಮ ಮನೆಯಲ್ಲಿ ಜಾಸ್ತಿ ಕೇಳುವುದು ಹಿಂದುಸ್ತಾನಿ. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರರ ದನಿ ಇವುಗಳಲ್ಲಿ ಎಷ್ಟು ಚೆಂದ ಬರುತ್ತದೆ ಅಂದ್ರೆ, ಬೇರೆ ಕೊಳ್ಳುವ ಮನಸ್ಸೇ ಆಗಲಿಲ್ಲ. ಕೊರತೆ ಇದ್ದದ್ದು ಎರಡು ತುದಿಗಳಲ್ಲಿ. ಮೇಲಿನ ಸ್ವರಗಳು ಮಂಕು, ಕೆಳಗೆ ಬೇಸ್ ಖಾಲಿ.

ಮಂಕಿಗೆ ಕಾರಣ ಕ್ರಾಸ್‌ಓವರ್‌ನಲ್ಲಿರುವ ಕೆಪ್ಯಾಸಿಟರ್. ಹಳೆಯ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್‌ಗಳ ಒಳಗಿನ ದ್ರವ ವರ್ಷ ಕಳೆದಂತೆ ಒಣಗುತ್ತದೆ, ಒಳತಡೆ ಏರುತ್ತದೆ, ಟ್ವೀಟರ್‌ಗೆ (ಮೇಲಿನ ಸ್ವರ ನುಡಿಸುವ ಚಿಕ್ಕ ಡ್ರೈವರ್‌ಗೆ) ಹೋಗಬೇಕಾದ ಸಿಗ್ನಲ್ ಕುಗ್ಗುತ್ತದೆ. ಹುಬ್ಬಳ್ಳಿಯಲ್ಲಿ ರೇಡಿಯೋ ರಿಪೇರಿ ಮಾಡುವ ಹಿರಿಯರೊಬ್ಬರು ಅಷ್ಟೇ ಮೈಕ್ರೋಫ್ಯಾರಡ್‌ನ ಪಾಲಿಪ್ರೊಪಿಲಿನ್ ಫಿಲ್ಮ್ ಕೆಪ್ಯಾಸಿಟರ್ ಹಾಕಿಕೊಟ್ಟರು. ಕಾಯಿಲ್ ಮುಟ್ಟಲಿಲ್ಲ. ಫಿಲ್ಮ್‌ನ ಒಳತಡೆ ತೀರಾ ಕಡಿಮೆ, ಹಾಗಾಗಿ ಟ್ವೀಟರ್ ಕಿವಿಗೆ ಚುಚ್ಚಬಹುದು. "ಸಣ್ಣದೊಂದು ರೆಸಿಸ್ಟರ್ ಇರ್ಲಿ ಬಿಡ್ರಿ" ಅಂತ ಅರ್ಧ ಓಮ್‌ನದು ಸೇರಿಸಿದರು. ಆ ಉಪಾಯಕ್ಕೆ ಅವರಿಗೆ ದೊಡ್ಡ ನಮಸ್ಕಾರ. ಮೇಲಿನ ತುದಿ ಮಂಕಾಗಿದ್ದಾಗ ಸ್ವಲ್ಪ ಬೇಸ್ ಕೂಡ ಜಾಸ್ತಿ ಅನಿಸುತ್ತದೆ. ಅದಕ್ಕೇ ಈ ಕೆಲಸ ಮೊದಲು.

ಸಬ್ 10 ಇಂಚಿನದು, ಇದೂ ಮುಚ್ಚಿದ ಪೆಟ್ಟಿಗೆಯದೇ. ನನ್ನ ಆಂಪ್ಲಿಫೈಯರ್‌ಗೆ ಸಬ್ ಔಟ್ (ಸಬ್ ಜೋಡಿಸುವ ಪ್ರತ್ಯೇಕ ಸಾಕೆಟ್) ಇಲ್ಲ. ಸ್ಪೀಕರ್ ಟರ್ಮಿನಲ್‌ನಿಂದಲೇ ಸಬ್‌ನ ಹೈ-ಲೆವೆಲ್ ಇನ್‌ಪುಟ್‌ಗೆ (ಸ್ಪೀಕರ್‌ಗೆ ಹೋಗುವ ಸಿಗ್ನಲ್ಲನ್ನೇ ತೆಗೆದುಕೊಳ್ಳುವ ಸಾಕೆಟ್‌ಗೆ) ತಂತಿ ಎಳೆದೆ. ಬ್ರಿಜ್ಡ್ ಆಂಪ್ಲಿಫೈಯರ್ (ಎರಡು ಆಂಪ್ಲಿಫೈಯರ್ ಸೇರಿ ಒಂದೇ ಸ್ಪೀಕರ್ ನಡೆಸುವಂಥದು) ಇದ್ದವರು ಸುಮ್ನೆ ಹೀಗೆ ಜೋಡಿಸಬೇಡಿ, ಅದರಲ್ಲಿ ಮೈನಸ್ ಟರ್ಮಿನಲ್ ಗ್ರೌಂಡ್ ಆಗಿರುವುದಿಲ್ಲ.

ನಿಜವಾದ ಕೆಲಸ ಶುರುವಾಗುವುದು ಹೊಂದಿಸುವಾಗ. ಮುಚ್ಚಿದ ಪೆಟ್ಟಿಗೆಯ ಬೇಸ್ ಆಕ್ಟೇವ್‌ಗೆ (ಒಂದು ಸಪ್ತಕ ಕೆಳಗಿಳಿದಂತೆ) ಸುಮಾರು 12 ಡೆಸಿಬೆಲ್‌ನಂತೆ ನಿಧಾನಕ್ಕೆ ಇಳಿಯುತ್ತದೆ. ಪೋರ್ಟ್ (ಪೆಟ್ಟಿಗೆಯಲ್ಲಿ ಗಾಳಿಯಾಡುವ ರಂಧ್ರ) ಇರುವ ಸ್ಪೀಕರ್‌ಗಿಂತ ಇದಕ್ಕೆ ಸಬ್ ಸುಲಭವಾಗಿ ಕೂಡುತ್ತದೆ. ಸಿನಿಮಾ ಸ್ಫೋಟ ಹಾಕಿ ಪರೀಕ್ಷೆ ಮಾಡಬೇಡಿ, ತಂಬೂರಿ ಹಾಕಿ. ಕಾಳಿ ಒಂದರಲ್ಲಿ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿಯಲ್ಲಿ) ಹಾಡುವ ಗಾಯಕರ ತಂಬೂರಿಯ ಖರ್ಜದ, ಅಂದ್ರೆ ಕೆಳಗಿನ ಷಡ್ಜದ ತಂತಿ ಸುಮಾರು 69 ಹರ್ಟ್ಜ್. ಲೋ-ಪಾಸ್ (ಸಬ್ ಎಷ್ಟು ಹರ್ಟ್ಜ್‌ವರೆಗೆ ನುಡಿಯಬೇಕು ಅನ್ನುವ ಗುಂಡಿ) 120ರಲ್ಲಿದ್ದರೆ ಗಾಯಕರ ದನಿಯೇ ಊದಿಕೊಳ್ಳುತ್ತದೆ. 65ರ ಹತ್ತಿರ ಇಳಿಸಿದಾಗ ತಂಬೂರಿ ತುಂಬಿಕೊಂಡಿತು, ದನಿ ಇದ್ದ ಹಾಗೇ ಉಳಿಯಿತು. ತಬಲಾ ಜೋಡಿಯ ದೊಡ್ಡ ಡಗ್ಗಾದ ಮೇಲೆ ಅಂಗೈ ಒತ್ತಿ ಸರಿಸುವಾಗ ನಾದ ಹೊರಳುತ್ತದಲ್ವಾ, ಅದು ಈಗ ಪೂರ್ತಿ ಕೇಳುತ್ತದೆ. ನನಗೆ ಇಡೀ ಖರ್ಚು ಸಾರ್ಥಕ ಅನಿಸಿದ್ದು ಅಲ್ಲೇ.

ನನ್ನ ಕೋಣೆ 14 ಅಡಿ ಉದ್ದ. ಅಷ್ಟು ಉದ್ದಕ್ಕೆ 40 ಹರ್ಟ್ಜ್ ಆಸುಪಾಸಿನ ಶಬ್ದ ತಾನಾಗೇ ಉಬ್ಬುತ್ತದೆ. ಸಬ್ ಮೂಲೆಯಲ್ಲಿದ್ದರೆ ಇನ್ನೂ ಜಾಸ್ತಿ. ಮೂಲೆಯಿಂದ ಈಚೆ ಸರಿಸಿದ ಮೇಲೆ ಗುಂಯ್‌ಗುಡುವುದು ಕಡಿಮೆಯಾಯಿತು. ಫೇಸ್ ಸ್ವಿಚ್ (ಸಬ್‌ನ ಶಬ್ದದ ಅಲೆಯನ್ನು ತಿರುಗಿಸುವ ಗುಂಡಿ) ಎರಡೂ ಕಡೆ ಹಾಕಿ ನೋಡಿ, ಡಗ್ಗಾ ಗಟ್ಟಿಯಾಗಿ ಕೇಳುವ ಕಡೆ ಬಿಡಿ.

ಒಂದೇ ದೂರು, ಶಬ್ದ ಬಂದಾಗ ಸಬ್ ತಾನೇ ಆನ್ ಆಗುವ ಆಟೋ ಮೋಡ್ ಬಗ್ಗೆ. ಮೆಲ್ಲಗಿನ ಆಲಾಪಕ್ಕೆ ಸಬ್ ಎಚ್ಚರವಾಗುವುದೇ ಇಲ್ಲ. ತಬಲಾ ಶುರುವಾದ ಮೇಲೆ ತಟ್ಟನೆ ಏಳುತ್ತದೆ, ರಸಭಂಗ. ಈಗ ಅದನ್ನು ಯಾವಾಗಲೂ ಆನ್‌ನಲ್ಲೇ ಇಟ್ಟು, ಕೇಳಿ ಮುಗಿದ ಮೇಲೆ ಗೋಡೆಯ ಸ್ವಿಚ್ ಆರಿಸುತ್ತೇನೆ.