ಬಾಟಲ್ ಟ್ರ್ಯಾಪ್‌ಗೆ ಫುಲ್ ಮಾರ್ಕ್ಸ್, ವಾಷರ್‌ಗೆ ಸೊನ್ನೆ

ವಾಶ್ ಬೇಸಿನ್ ಕೆಳಗೆ ನೇತಾಡುತ್ತಿದ್ದ ಸುರುಳಿ ಪ್ಲಾಸ್ಟಿಕ್ ಪೈಪ್ ಕಿತ್ತುಹಾಕಿ 32 ಎಂಎಂ ಹಿತ್ತಾಳೆ ಸೆಟ್ ಕೂರಿಸಿದ್ದೇನೆ. ಪಾಪ್-ಅಪ್ ವೇಸ್ಟ್ ಕಪ್ಲಿಂಗ್ (ಬೇಸಿನ್ ತೂತಿನಲ್ಲಿ ಕೂರುವ, ಒತ್ತಿದರೆ ಮುಚ್ಚಿ ತೆರೆಯುವ ಭಾಗ), ಬಾಟಲ್ ಟ್ರ್ಯಾಪ್ (ಅದರ ಕೆಳಗೆ ಬರುವ, ನೀರು ಹಿಡಿದಿಡುವ ಬಾಟಲಿಯಾಕಾರದ ಭಾಗ), ಗೋಡೆಗೆ ಹೋಗುವ ಪೈಪು, ಗೋಡೆಯ ತೂತು ಮುಚ್ಚುವ ಬಿಲ್ಲೆಯಂಥ ಫ್ಲೇಂಜ್, ಎಲ್ಲ ಒಂದೇ ಡಬ್ಬದಲ್ಲಿ ಬರುತ್ತದೆ. ಪ್ಲಂಬರ್ ಕರೆಸಲಿಲ್ಲ. ಇಷ್ಟು ಸಣ್ಣ ಕೆಲಸಕ್ಕೆ ಅವರು ಬರುವುದೂ ಕಷ್ಟ ಅಲ್ವಾ?

ಟ್ರ್ಯಾಪ್ ಚೆನ್ನಾಗಿದೆ. ಕೈಗೆತ್ತಿಕೊಂಡರೇ ತೂಕ ಗೊತ್ತಾಗುತ್ತದೆ, ಥ್ರೆಡ್ ಎಲ್ಲೂ ಸಿಕ್ಕಿಕೊಳ್ಳದೆ ತಿರುಗುತ್ತದೆ. ಕೆಳಗಿನ ಬಟ್ಟಲು ಬಿಚ್ಚಿದರೆ ಕೂದಲು, ಪೇಸ್ಟ್ ಗಸಿ ಎಲ್ಲ ಸೀದಾ ಬಕೆಟ್‌ಗೆ. ಒಳಗೆ ಯಾವಾಗಲೂ ಒಂದಿಷ್ಟು ನೀರು ನಿಂತಿರುವುದರಿಂದ ಚರಂಡಿ ವಾಸನೆ ಮೇಲೆ ಬರುವುದಿಲ್ಲ. ಹಳೆ ಪೈಪಿಗೆ ಟ್ರ್ಯಾಪೇ ಇರಲಿಲ್ಲ, ಬೆಳಗ್ಗೆ ಬಾತ್‌ರೂಮ್ ಬಾಗಿಲು ತೆಗೆದರೆ ಮೂಗು ಮುಚ್ಚಿಕೊಳ್ಳಬೇಕಿತ್ತು. (ತಿಂಗಳುಗಟ್ಟಲೆ ಮನೆ ಬೀಗ ಹಾಕಿದರೆ ಈ ನೀರೂ ಆರಿಹೋಗುತ್ತದೆ. ಬಂದ ತಕ್ಷಣ ಒಂದು ಚೊಂಬು ನೀರು ಸುರಿದರೆ ಆಯ್ತು.)

ತಲೆನೋವು ಕೊಟ್ಟಿದ್ದು ಜೊತೆಗೆ ಬಂದ ರಬ್ಬರ್ ವಾಷರ್. ತೆಳ್ಳಗೆ, ಗಟ್ಟಿ, ಚಪ್ಪಲಿ ಅಟ್ಟೆ ತರಹ. ಬೇಸಿನ್ ಅಡಿಭಾಗದ ಪಿಂಗಾಣಿ ಮೇಲ್ಭಾಗದಷ್ಟು ನುಣುಪಾಗಿರುವುದಿಲ್ಲ, ತರಿತರಿಯಾಗಿ ಸ್ವಲ್ಪ ಏರುಪೇರು ಇರುತ್ತದೆ, ಅಂಥ ಕಡೆ ಮೆತ್ತನೆ ವಾಷರ್ ಬೇಕು. ಇದನ್ನು ಹಾಕಿ ನಟ್ ಎಷ್ಟು ತಿರುಗಿಸಿದರೂ ಥ್ರೆಡ್ ಗುಂಟ ನೀರು ಇಳಿದು, ನಟ್ ಅಂಚಿಗೆ ಬಂದು ದಪ್ಪಗಾಗಿ, ಟಪ್ ಅಂತ ಬೀಳುತ್ತಿತ್ತು. ಸಿಟ್ಟಿಗೆ ಜಾಸ್ತಿ ಬಿಗಿದರೆ ಬೇಸಿನ್ನೇ ಬಿರುಕು ಬಿಡುತ್ತದೆ. ಹಾರ್ಡ್‌ವೇರ್ ಅಂಗಡಿಯಿಂದ ಚಿಲ್ಲರೆ ದುಡ್ಡಿಗೆ ದಪ್ಪನೆ ವಾಷರ್ ತಂದೆ, ಕಪ್ಲಿಂಗ್‌ನ ಮೇಲಿನ ಅಂಚಿನ ಕೆಳಗೆ ಸುತ್ತ ಒಂದು ಎಳೆ ಸಿಲಿಕೋನ್ ಬಿಟ್ಟೆ, ಮರುದಿನ ಬೇಸಿನ್ ತುಂಬಾ ನೀರು ಹಿಡಿದು ಒಮ್ಮೆಲೇ ಬಿಟ್ಟು ಕೆಳಗೆ ಟಿಶ್ಯೂ ಸುತ್ತಿ ನೋಡಿದೆ, ಒಣಗಿತ್ತು. ಇಷ್ಟು ದುಬಾರಿ ಸೆಟ್ ಮಾರುವವರಿಗೆ ಒಂದು ನೆಟ್ಟಗಿನ ವಾಷರ್ ಹಾಕಿ ಕೊಡಲು ಏನು ಕಷ್ಟ?

ಒಳಗಿನ ಚೀಟಿಯಲ್ಲಿ ಇನ್ನೊಂದು ಮುಖ್ಯ ವಿಷಯವೇ ಇಲ್ಲ. ನಿಮ್ಮ ಬೇಸಿನ್‌ಗೆ ಓವರ್‌ಫ್ಲೋ ತೂತು (ಬೇಸಿನ್ ತುಂಬಿದಾಗ ಹೆಚ್ಚಾದ ನೀರು ಒಳಗೆ ಇಳಿಯುವ ಮೇಲಿನ ತೂತು) ಇದ್ದರೆ ಕಪ್ಲಿಂಗ್ ಮೈಯಲ್ಲೂ ತೂತು ಇರಬೇಕು. ಇಲ್ಲದಿದ್ದರೆ ಆ ನೀರಿಗೆ ಹೊರಹೋಗಲು ದಾರಿಯೇ ಇರುವುದಿಲ್ಲ. ಇದರಲ್ಲಿ ಇದೆ, ಆದರೂ ಕೊಳ್ಳುವ ಮೊದಲು ನೋಡಿಕೊಳ್ಳಿ. ಮತ್ತೆ, ವಾಷರ್ ಕೂರುವ ಜಾಯಿಂಟ್‌ಗಳಿಗೆಲ್ಲ ಸುಮ್ನೆ ಟೆಫ್ಲಾನ್ ಟೇಪ್ ಸುತ್ತಬೇಡಿ, ಅಲ್ಲಿ ನೀರು ತಡೆಯುವುದು ವಾಷರ್, ಥ್ರೆಡ್ ಅಲ್ಲ.

ಪಾಪ್-ಅಪ್ ಒತ್ತಿದರೆ ಕ್ಲಿಕ್ ಅಂತ ಮುಚ್ಚಿ ತೆರೆಯುವುದು ನೋಡಲು ಚೆಂದ. ಉದ್ದ ಕೂದಲಿನವರು ಇರುವ ಮನೆಗೆ ಮಾತ್ರ ಅಷ್ಟಕ್ಕಷ್ಟೇ, ನಡುವಿನ ಕಡ್ಡಿಗೆ ಕೂದಲು ಸುತ್ತಿ ನೀರು ನಿಧಾನವಾಗುತ್ತದೆ. ಬೋರ್‌ವೆಲ್ ನೀರಾದರೆ ಕ್ರೋಮ್ ಮೇಲೆ ಬಿಳಿ ಕಲೆ ಬೇರೆ, ಆಗಾಗ ಒರೆಸಬೇಕು.

ಇನ್ನೊಂದು ಬಾತ್‌ರೂಮಿಗೂ ಇದೇ ಟ್ರ್ಯಾಪ್ ತರಿಸುತ್ತೇನೆ. ಆದರೆ ಬಿಡಿಯಾಗಿ, ಸಾದಾ ಜಾಲಿ ಕಪ್ಲಿಂಗ್ ಜೊತೆ.