ಎರೆಮಣ್ಣಿನ ಹಾದಿಯಲ್ಲಿ ಎಕ್ಸ್‌ಪಲ್ಸ್ 200, ಆರ್‌ಎಕ್ಸ್ 100 ಮತ್ತು ಹೊಸ ಆಫ್‌ರೋಡ್ ಗಾಡಿಗಳು

ಜಮಖಂಡಿ ತಾಲ್ಲೂಕಿನ ಹಳ್ಳಿಗಳಲ್ಲಿ ಹನಿ ನೀರಾವರಿಯ ಪೈಪು, ಫಿಲ್ಟರು, ಪಂಪ್‌ಸೆಟ್ಟುಗಳನ್ನು ಜೋಡಿಸುವುದು ಮತ್ತು ದುರಸ್ತಿ ಮಾಡುವುದು ನನ್ನ ಕೆಲಸ. ಹೀಗಾಗಿ ದಿನದ ಓಡಾಟದಲ್ಲಿ ಅರ್ಧ ಡಾಂಬರು ರಸ್ತೆಯಾದರೆ ಉಳಿದರ್ಧ ಕಾಲುವೆ ಏರಿ, ಹೊಲದ ಬದು ಮತ್ತು ಕಬ್ಬಿನ ಟ್ರ್ಯಾಕ್ಟರುಗಳು ಕೊರೆದಿಟ್ಟ ಜಾಡು. 2022ರ ಜನವರಿಯಲ್ಲಿ ಕೊಂಡ ಹೀರೊ ಎಕ್ಸ್‌ಪಲ್ಸ್ 200 4ವಿ ಈಗ 61,000 ಕಿಲೋಮೀಟರ್ ದಾಟಿದೆ. ಅದರ ಪಕ್ಕದಲ್ಲೇ ನಿಲ್ಲುವ ಇನ್ನೊಂದು ಗಾಡಿ ಅಪ್ಪ 1994ರಲ್ಲಿ ಕೊಂಡ ಯಮಹಾ ಆರ್‌ಎಕ್ಸ್ 100. ಇದು ಕಚ್ಚಾ ದಾರಿಗೆಂದೇ ಮಾಡಿದ ಆಫ್‌ರೋಡ್ ಗಾಡಿಯಲ್ಲವಾದರೂ ನಮ್ಮ ಸೀಮೆಯಲ್ಲಿ ಅಂಥ ಹೆಸರು ಕೇಳಿಬರುವ ಮೊದಲೇ ಇಪ್ಪತ್ತು ವರ್ಷ ಹೊಲಕ್ಕೆ ಹೋಗಿ ಬಂದಿದೆ. ಎರಡನ್ನೂ ಇಂದಿಗೂ ಓಡಿಸುತ್ತಿರುವುದರಿಂದ, ಇತ್ತೀಚೆಗೆ ಬಂದಿರುವ ಹೊಸ ಮಾದರಿಗಳನ್ನು ಈ ಎರಡರ ಪಕ್ಕದಲ್ಲಿಟ್ಟು ನೋಡಿ ಬರೆಯುವುದು ಕೊಳ್ಳಬೇಕೆಂದಿರುವವರಿಗೆ ನೆರವಾದೀತು ಎಂದುಕೊಂಡಿದ್ದೇನೆ.

ಮೊದಲು ನಮ್ಮ ನೆಲದ ಮಾತು ಹೇಳಬೇಕು, ಏಕೆಂದರೆ ಇಲ್ಲಿ ಗಾಡಿಯ ಯೋಗ್ಯತೆಯನ್ನು ತೀರ್ಮಾನಿಸುವುದು ಅದೇ. ಹಿಂಗಾರಿ ಮಳೆ ಬಿದ್ದ ಮರುದಿನ ಎರೆಹೊಲದ ದಾರಿಗೆ ಇಳಿದರೆ ಮಣ್ಣು ಜಾರುವುದಕ್ಕಿಂತ ಮೊದಲು ಅಂಟಿಕೊಳ್ಳುತ್ತದೆ. ಟೈರಿನ ಮೇಲೆ ಒಂದು ಪದರ, ಅದರ ಮೇಲೆ ಇನ್ನೊಂದು ಪದರ ಸೇರುತ್ತ ಹೋಗಿ, ನಲವತ್ತು ಐವತ್ತು ಮಾರು ಸಾಗುವಷ್ಟರಲ್ಲಿ ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಸಂದು ತುಂಬಿಬಿಡುತ್ತದೆ. ಎಂಜಿನ್ ಕೂಗುತ್ತಿರುತ್ತದೆ, ಚಕ್ರ ತಿರುಗುವುದಿಲ್ಲ. ಇಳಿದು, ಸೈಡ್ ಬ್ಯಾಗಿನಲ್ಲಿ ಸದಾ ಇರುವ ಕುರ್ಪಿಯಿಂದ ಆ ಮಣ್ಣನ್ನು ಹೆರೆದು ತೆಗೆಯಬೇಕು. ತೆಗೆದ ಮಣ್ಣು ಅಚ್ಚಿನಲ್ಲಿ ಎರಕ ಹೊಯ್ದಂತೆ ಮಡ್‌ಗಾರ್ಡಿನ ಒಳಮೈ ಆಕಾರದಲ್ಲೇ ಕಳಚಿ ಬೀಳುತ್ತದೆ. ಇಂಥ ಜಾಗದಲ್ಲಿ ಎಂಜಿನ್ನಿನ ಕುದುರೆಶಕ್ತಿ ಎಷ್ಟಿದ್ದರೂ ಉಪಯೋಗಕ್ಕೆ ಬಾರದು. ಗಾಡಿಯನ್ನು ಒಬ್ಬನೇ ಎಳೆದು ಬದುವಿನ ಮೇಲೆ ನಿಲ್ಲಿಸಲು ಬರುತ್ತದೆಯೇ, ನಡೆದಷ್ಟೇ ನಿಧಾನವಾಗಿ ಹೋಗುವಾಗ ಬಂದ್ ಬೀಳದೆ ಓಡುತ್ತದೆಯೇ ಎಂಬ ಎರಡು ಪ್ರಶ್ನೆಗಳೇ ಮುಖ್ಯ.

ಎಕ್ಸ್‌ಪಲ್ಸ್ ಈ ಎರಡನ್ನೂ ತಕ್ಕಮಟ್ಟಿಗೆ ನಿಭಾಯಿಸುತ್ತದೆ. 199.6 ಸಿಸಿ ಎಂಜಿನ್, ಸುಮಾರು 19 ಪಿಎಸ್ (ಕುದುರೆಶಕ್ತಿ) ಶಕ್ತಿ, ಐದು ಗೇರು, ಮುಂದೆ 21 ಮತ್ತು ಹಿಂದೆ 18 ಇಂಚಿನ ಚಕ್ರ, ನೆಲದಿಂದ 220 ಮಿಲಿಮೀಟರ್ ಎತ್ತರ, 158 ಕೆಜಿ ತೂಕ. ದೊಡ್ಡ ಮುಂಚಕ್ರದ ಬೆಲೆ ಗೊತ್ತಾಗುವುದು ಕಬ್ಬಿನ ಹಂಗಾಮಿನಲ್ಲಿ. ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಸಿಯಲ್ಲಿ ಕೊರೆದ ಜಾಡು ಡಿಸೆಂಬರಿನಲ್ಲಿ ಒಣಗಿ ಕಲ್ಲಾಗಿರುತ್ತದೆ. ಆರ್‌ಎಕ್ಸ್‌ನ 18 ಇಂಚಿನ ಮುಂಚಕ್ರ ಅದರ ಅಂಚಿಗೆ ಹತ್ತಲಾರದೆ ಒಳಗೇ ಉಜ್ಜುತ್ತ ಹೋದರೆ, ಎಕ್ಸ್‌ಪಲ್ಸ್ ಸ್ವಲ್ಪ ಎಕ್ಸಿಲೇಟರ್ ಕೊಟ್ಟೊಡನೆ ಅಂಚು ಹತ್ತಿ ಹೊರಬರುತ್ತದೆ. ಬ್ರೇಕ್ ಹಿಡಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್ ನನ್ನ ಮಾದರಿಯಲ್ಲಿ ಇರುವುದು ಮುಂಚಕ್ರಕ್ಕೆ ಮಾತ್ರ. ಕಾಲುವೆ ಏರಿಯಿಂದ ಇಳಿಯುವಾಗ ಹಿಂಚಕ್ರವನ್ನು ಬೇಕಾದಷ್ಟು ಬಿಗಿದು ಜಾರಿಸಿಕೊಳ್ಳಲು ಬರುವುದರಿಂದ ನನಗೆ ಅದು ಅನುಕೂಲವೇ ಆಗಿದೆ. ಡಾಂಬರಿನ ಮೇಲೆ ಗಂಟೆಗೆ 70–75 ಕಿಲೋಮೀಟರಿನಲ್ಲಿ ಅದು ನೆಮ್ಮದಿಯಿಂದ ಓಡುತ್ತದೆ. ವಿಜಯಪುರದ ಹೆದ್ದಾರಿಯಲ್ಲಿ ಅದಕ್ಕಿಂತ ಹೆಚ್ಚು ಬಯಸುವವರು ಹೆಚ್ಚು ಶಕ್ತಿಯ ಗಾಡಿಯನ್ನೇ ನೋಡಬೇಕು. ಮೈಲೇಜ್ ನನಗೆ ಲೀಟರಿಗೆ 38ರಿಂದ 41 ಸಿಗುತ್ತಿದೆ.

ಖರ್ಚಿನ ಲೆಕ್ಕ ಹೀಗಿದೆ. ಚೈನ್ ಮತ್ತು ಸ್ಪ್ರಾಕೆಟ್ ಸೆಟ್ಟನ್ನು ಮೊದಲ ಸಲ 22,000 ಕಿಲೋಮೀಟರಿಗೆ ಬದಲಿಸಿದೆ. ಆಗ ಹಣ ಉಳಿಸಲು ಒಂದು ಬಿಡಿಭಾಗದ ಅಂಗಡಿಯಿಂದ ಕಡಿಮೆ ಬೆಲೆಯ ಸೆಟ್ ತಂದು ಹಾಕಿಸಿದ್ದು ಏಳು ಸಾವಿರಕ್ಕೇ ಹಲ್ಲು ಸವೆದು ಹೋಯಿತು. ಅಂದಿನಿಂದ ಕಂಪನಿಯದನ್ನೇ ಹಾಕಿಸುತ್ತೇನೆ. ಕೆಸರಿನಲ್ಲಿ ಅರ್ಧ ಕ್ಲಚ್ ಹಿಡಿದೇ ಓಡಿಸುವ ನನ್ನ ರೂಢಿಗೆ ಕ್ಲಚ್ ಪ್ಲೇಟುಗಳು 38,000ದವರೆಗೆ ಬಾಳಿದ್ದು ಕಡಿಮೆಯಲ್ಲ. ಮುಂದಿನ ಫೋರ್ಕಿನ ಆಯಿಲ್ ಸೀಲು ಉಳಿಯಬೇಕಾದರೆ ಒಂದು ಮಾತು ನೆನಪಿಡಿ: ಎರೆಮಣ್ಣು ಫೋರ್ಕಿನ ಮೇಲೆ ಒಣಗಲು ಬಿಡಬಾರದು. ಒಣಗಿದ ಮೇಲೆ ಅದು ಉಪ್ಪುಕಾಗದದಂತೆ ಸೀಲನ್ನು ಉಜ್ಜುತ್ತದೆ. ಸಂಜೆ ಮನೆ ಮುಟ್ಟಿದ ಕೂಡಲೇ ಒದ್ದೆ ಬಟ್ಟೆಯಲ್ಲಿ ಒರೆಸುವುದಕ್ಕೆ ಎರಡು ನಿಮಿಷ ಸಾಕು.

ಇಷ್ಟೆಲ್ಲ ಒಳ್ಳೆಯ ಗಾಡಿ ಇದ್ದರೂ, ಗಟ್ಟಿ ಮಳೆ ಹಿಡಿದ ದಿನ, ಹೊಲ ದೂರವಿಲ್ಲದಿದ್ದರೆ, ನನ್ನ ಕೈ ಹೋಗುವುದು ಆರ್‌ಎಕ್ಸ್ ಕೀಲಿಯ ಕಡೆಗೆ. ಕಾರಣ ಅದರ ತೂಕ. ನೂರು ಕೆಜಿ ಆಸುಪಾಸಿನ ಗಾಡಿ ಹೂತರೆ ಹಿಂಬದಿಯ ಹಿಡಿಕೆ ಹಿಡಿದು ಎತ್ತಿ ಪಕ್ಕಕ್ಕೆ ಇಡಬಹುದು. 98 ಸಿಸಿ ಎಂಜಿನ್ 11 ಕುದುರೆಶಕ್ತಿ ಕೊಡುತ್ತದೆ ಎಂದರೆ ಇಂದಿನ ಹುಡುಗರಿಗೆ ಹೆಚ್ಚೆನಿಸದಿರಬಹುದು, ಆದರೆ ತೂಕದ ಜೊತೆಗಿಟ್ಟು ಲೆಕ್ಕ ಹಾಕಿದರೆ ಕೆಜಿಗೆ ಇಷ್ಟೆಂದು ಬರುವ ಶಕ್ತಿಯಲ್ಲಿ ಅದು ಎಕ್ಸ್‌ಪಲ್ಸ್‌ಗಿಂತ ತೀರ ಹಿಂದೆ ಬೀಳುವುದಿಲ್ಲ, ಅದೂ ಅರ್ಧದಷ್ಟು ಸಿಸಿಯಲ್ಲಿ. ಟೂ ಸ್ಟ್ರೋಕ್ ಎಂಜಿನ್ನಿನ ಗುಟ್ಟೇ ಇದು. ಕ್ರ್ಯಾಂಕ್ ಒಂದು ಸುತ್ತು ಹಾಕುವುದರೊಳಗೆ ಒಮ್ಮೆ ಪೆಟ್ರೋಲ್ ಉರಿದು ಪಿಸ್ಟನ್ನನ್ನು ತಳ್ಳುತ್ತದೆ. ಫೋರ್ ಸ್ಟ್ರೋಕ್‌ನಲ್ಲಿ ಎರಡು ಸುತ್ತಿಗೆ ಒಮ್ಮೆ. ಫೋರ್ ಸ್ಟ್ರೋಕ್‌ನಂಥ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಅವುಗಳನ್ನು ತಿರುಗಿಸುವ ಚೈನೂ ಇಲ್ಲ. ಸಿಲಿಂಡರಿನ ಗೋಡೆಯಲ್ಲಿ ಕೊರೆದ ಕಿಂಡಿಗಳನ್ನು ಪಿಸ್ಟನ್ನೇ ಮೇಲೆ ಕೆಳಗೆ ಆಡುತ್ತ ತೆರೆಯುತ್ತದೆ, ಮುಚ್ಚುತ್ತದೆ.

ಇದರ ದೋಷವೂ ಅಲ್ಲಿಯೇ ಇದೆ. ಹೊಸ ಪೆಟ್ರೋಲ್ ಮಿಶ್ರಣ ಒಳಬರುವ ಕಿಂಡಿ ಮತ್ತು ಹೊಗೆ ಹೊರಹೋಗುವ ಕಿಂಡಿ ಎರಡೂ ಸ್ವಲ್ಪ ಹೊತ್ತು ಒಟ್ಟಿಗೆ ತೆರೆದಿರುವುದರಿಂದ ಉರಿಯದ ಪೆಟ್ರೋಲ್ ನೇರ ಸೈಲೆನ್ಸರಿಗೆ ಹೋಗುತ್ತದೆ. ಜೊತೆಗೆ ಎಂಜಿನ್ನಿನ ಒಳಭಾಗಕ್ಕೆ ಎಣ್ಣೆ ಬೇಕಾಗಿರುವುದರಿಂದ ಪೆಟ್ರೋಲಿನಲ್ಲೇ ಬೆರೆಸಿದ 2ಟಿ ಆಯಿಲ್ ಕೂಡ ಉರಿದು ಹೊಗೆಯಾಗುತ್ತದೆ. 1985ರಲ್ಲಿ ಬಂದ ಆರ್‌ಎಕ್ಸ್ 100ರ ತಯಾರಿಕೆ 1996ರಲ್ಲಿ ನಿಂತದ್ದಕ್ಕೂ, ಆಮೇಲೆ ಒಂದೊಂದಾಗಿ ನಮ್ಮ ಟೂ ಸ್ಟ್ರೋಕ್ ಬೈಕುಗಳೆಲ್ಲ ಮರೆಯಾದದ್ದಕ್ಕೂ ಹೊಗೆಯ ನಿಯಮಗಳು ಬಿಗಿಯಾಗುತ್ತ ಹೋದದ್ದೇ ಮುಖ್ಯ ಕಾರಣ. ಆ ನಿಯಮಗಳು ತಪ್ಪು ಎಂದು ನಾನು ಹೇಳಲಾರೆ. ಅಪ್ಪನ ಗಾಡಿಯ ಹಿಂದೆ ಬೇರೆ ಗಾಡಿಯಲ್ಲಿ ಹೋದವರಿಗೆ ಅದರ ಅಗತ್ಯ ತಿಳಿಯುತ್ತದೆ.

ಎಣ್ಣೆಯ ವಿಷಯದಲ್ಲಿ ನಾನೇ ಒಮ್ಮೆ ತಪ್ಪಿದ್ದೇನೆ. ಏಳೆಂಟು ವರ್ಷದ ಹಿಂದೆ ಒಂದು ಬೇಸಿಗೆಯ ಮಧ್ಯಾಹ್ನ ಹೊಲದಲ್ಲಿ ಪೆಟ್ರೋಲ್ ಮುಗಿದು, ರೈತರೊಬ್ಬರು ಔಷಧ ಹೊಡೆಯುವ ಯಂತ್ರಕ್ಕೆಂದು ಇಟ್ಟಿದ್ದ ಕ್ಯಾನಿನಿಂದ ಎರಡು ಲೀಟರ್ ಸುರಿದುಕೊಂಡೆ. ಅದರಲ್ಲಿ ಎಣ್ಣೆ ಬೆರೆತಿದೆ ಎಂದು ನನ್ನಷ್ಟಕ್ಕೆ ನಾನೇ ತಿಳಿದುಕೊಂಡದ್ದೇ ಪ್ರಮಾದವಾಯಿತು. ಮುಧೋಳದ ರಸ್ತೆಯಲ್ಲಿ ಕೆಲವು ಕಿಲೋಮೀಟರ್ ಹೋಗುವಷ್ಟರಲ್ಲಿ ಎಂಜಿನ್ನಿನ ಧ್ವನಿ ತೆಳುವಾಗಿ, ಹಿಂಚಕ್ರ ಒಮ್ಮೆಲೇ ಬಿಗಿದು ಗಾಡಿ ಅಡ್ಡಡ್ಡ ಜಾರಿತು; ಕ್ಲಚ್ ಹಿಡಿದದ್ದರಿಂದ ಬೀಳದೆ ಉಳಿದೆ. ಬೆಳಗಾವಿಗೆ ಒಯ್ದು ಬಿಚ್ಚಿಸಿದಾಗ ಪಿಸ್ಟನ್ನಿನ ಹೊಗೆಕಿಂಡಿಯ ಬದಿಯಲ್ಲಿ ಉದ್ದುದ್ದ ಗೀರು ಬಿದ್ದು, ಅಲ್ಯುಮಿನಿಯಂ ಕರಗಿ ಸಿಲಿಂಡರಿನ ಗೋಡೆಗೆ ಬಳಿದುಕೊಂಡಿತ್ತು. ವಯಸ್ಸಾದ ಮಿಸ್ತ್ರಿ ಅದರ ಮೇಲೆ ಉಗುರು ಎಳೆದು, “ಎಣ್ಣಿ ಇಲ್ದ ಓಡಿಸೀರಿ, ಪಿಸ್ಟನ್ ಎಷ್ಟಂತ ತಾಳೀತ್ರಿ?” ಎಂದಷ್ಟೇ ಹೇಳಿದರು. ಐವತ್ತು ಮಿಲಿಮೀಟರಿನ ಬೋರನ್ನು, ಅಂದರೆ ಸಿಲಿಂಡರಿನ ಒಳ ಅಗಲವನ್ನು, ಕಾಲು ಮಿಲಿಮೀಟರ್ ಹಿಗ್ಗಿಸಿ, ದಪ್ಪ ಪಿಸ್ಟನ್ ಕೂರಿಸಿದರು. ಎರಕದ ಕಾರ್ಖಾನೆಗಳೂ ಲೇಥ್‌ಗಳೂ ತುಂಬಿರುವ ಬೆಳಗಾವಿಯಲ್ಲಿ ಇಂಥ ಕೆಲಸ ಬಲ್ಲ ಕೈಗಳು ಇನ್ನೂ ಇವೆ ಎಂಬುದು ಹಳೆಯ ಗಾಡಿ ಇಟ್ಟುಕೊಂಡಿರುವ ನಮ್ಮಂಥವರ ಭಾಗ್ಯ.

ಹಾಗಾದರೆ ಟೂ ಸ್ಟ್ರೋಕ್ ಅಲ್ಲಿಗೇ ಮುಗಿಯಿತೇ ಎಂದರೆ, ಇಲ್ಲ. ಹಿಂದೆಯೂ ಅದನ್ನು ಹಂತಹಂತವಾಗಿ ತಿದ್ದುತ್ತಲೇ ಬಂದಿದ್ದಾರೆ. ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯ ಎಂಜಿನಿಯರ್ ವಾಲ್ಟರ್ ಕಾಡೆನ್ 1950ರ ದಶಕದಲ್ಲಿ ಸೈಲೆನ್ಸರಿನ ಹೊಟ್ಟೆಯ ಆಕಾರವನ್ನು ಲೆಕ್ಕ ಹಾಕಿ ಮಾಡಿದರು. ಹೊಗೆಯ ಜೊತೆ ಹೊರಟ ಒತ್ತಡದ ಅಲೆ ಅಲ್ಲಿಂದ ಮರಳಿ ಬಂದು, ತಪ್ಪಿಸಿಕೊಳ್ಳುತ್ತಿದ್ದ ಹೊಸ ಮಿಶ್ರಣವನ್ನು ಸಿಲಿಂಡರಿಗೇ ಹಿಂದಕ್ಕೆ ತಳ್ಳುವಂತಾಯಿತು. 1970ರ ದಶಕದ ಕೊನೆಗೆ ಯಮಹಾ ತನ್ನ ರೇಸ್ ಗಾಡಿಗಳಲ್ಲಿ ಹೊಗೆಕಿಂಡಿಯ ಎತ್ತರವನ್ನು ಎಂಜಿನ್ನಿನ ವೇಗಕ್ಕೆ ತಕ್ಕಂತೆ ಬದಲಿಸುವ ಪವರ್ ವಾಲ್ವ್ ತಂದಿತು. ಕೆಳಗಿನ ವೇಗದಲ್ಲಿ ಸತ್ತಂತಿದ್ದು ಮೇಲಿನ ವೇಗದಲ್ಲಿ ಒಮ್ಮೆಲೇ ಹಾರುವ ಟೂ ಸ್ಟ್ರೋಕ್ ಸ್ವಭಾವ ಹದಕ್ಕೆ ಬಂದದ್ದು ಇದರಿಂದ. ದೊಡ್ಡ ಬದಲಾವಣೆ 2017ರಲ್ಲಿ ಕೆಟಿಎಂ ಪ್ರಕಟಿಸಿದ 250 ಮತ್ತು 300 ಇಎಕ್ಸ್‌ಸಿ ಟಿಪಿಐ ಗಾಡಿಗಳದು. ಅವುಗಳಲ್ಲಿ ಕಾರ್ಬುರೇಟರ್ ಇಲ್ಲ; ಮಿಶ್ರಣ ಒಳಬರುವ ಕಿಂಡಿಯ ದಾರಿಯಲ್ಲೇ ಪೆಟ್ರೋಲನ್ನು ಸಿಂಪಡಿಸಲಾಗುತ್ತದೆ. ಎಣ್ಣೆಗೆ ಬೇರೆ ಟ್ಯಾಂಕು, ಬೇರೆ ಪಂಪು. ಎಷ್ಟು ಎಣ್ಣೆ ಬೇಕೆಂದು ಎಲೆಕ್ಟ್ರಾನಿಕ್ ನಿಯಂತ್ರಕವೇ ನಿರ್ಧರಿಸುತ್ತದೆ. ಮುಧೋಳದ ರಸ್ತೆಯಲ್ಲಿ ನಾನು ಮಾಡಿದ ತಪ್ಪಿಗೆ ಅಲ್ಲಿ ಅವಕಾಶವೇ ಇಲ್ಲ. 2024ರ ಇಎಕ್ಸ್‌ಸಿ ಮಾದರಿಗಳಿಂದ ಪೆಟ್ರೋಲ್ ಸಿಂಪಡಿಸುವ ಜಾಗ ಗಾಳಿ ಒಳಬರುವ ದ್ವಾರಕ್ಕೆ (ಥ್ರಾಟಲ್ ಬಾಡಿ) ಬದಲಾಗಿ, ಪವರ್ ವಾಲ್ವ್ ಕೂಡ ಎಲೆಕ್ಟ್ರಾನಿಕ್ ಆಯಿತು. ನನಗೆ ಸಂತೋಷ ಕೊಟ್ಟ ಒಂದು ಸಣ್ಣ ಸಂಗತಿಯೆಂದರೆ, ಆ 300ರ ಸಿಲಿಂಡರಿನ ಬೋರ್ 72 ಮಿಲಿಮೀಟರ್, ಪಿಸ್ಟನ್ ಆಡುವ ದೂರ, ಅಂದರೆ ಸ್ಟ್ರೋಕ್, ಕೂಡ 72. ಅಪ್ಪನ ಗಾಡಿಯದು 50ಕ್ಕೆ 50. ಅಳತೆ ದೊಡ್ಡದಾದರೂ ಲೆಕ್ಕ ಒಂದೇ. ಪೆಟ್ರೋಲ್ ಹಾಕದಿದ್ದರೆ ಆ 300ರ ತೂಕ ನೂರು ಕೆಜಿಗಿಂತ ತುಸುವೇ ಹೆಚ್ಚು. ಕಲ್ಲುಬಂಡೆಗಳ ಮೇಲೆ ನಡೆಯುವ ಕಠಿಣ ಎಂಡ್ಯೂರೊ ಸ್ಪರ್ಧೆಗಳಲ್ಲಿ ಇಂದಿಗೂ 300 ಸಿಸಿ ಟೂ ಸ್ಟ್ರೋಕ್‌ಗಳೇ ಮುಂದಿರುವುದು ಈ ಕಾರಣಕ್ಕೆ. ನಮ್ಮ ದೇಶದಲ್ಲಿ ರಸ್ತೆಗೆ ನೋಂದಣಿಯಾಗುವಂಥ ಹೊಸ ಟೂ ಸ್ಟ್ರೋಕ್ ಆಫ್‌ರೋಡ್ ಗಾಡಿ ಮಾತ್ರ ಇಂದು ಮಾರಾಟಕ್ಕಿಲ್ಲ.

ಇನ್ನು ನಮಗೆ ಸಿಗುವ ಹೊಸ ಫೋರ್ ಸ್ಟ್ರೋಕ್‌ಗಳಿಗೆ ಬರೋಣ. 2023ರ ಕೊನೆಗೆ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ನನ್ನ ಸೋದರಮಾವನ ಮಗನ ಬಳಿ ಇದೆ. ಹದಿನೈದು ದಿನ ಗಾಡಿ ಬದಲಿಸಿಕೊಂಡು ಓಡಿಸಿದೆ. 40 ಪಿಎಸ್ ಶಕ್ತಿ, 40 ಎನ್‌ಎಂ ಟಾರ್ಕ್ (ಚಕ್ರ ತಿರುಗಿಸುವ ಬಲ), 17 ಲೀಟರಿನ ಟ್ಯಾಂಕು. ಜಾಂಬೋಟಿ ಮೇಲೆ ಚೋರ್ಲಾ ಘಾಟಿನ ತನಕ ಹೋಗಿ ಬಂದ ದಿನ ಬೆನ್ನಿಗೆ ಆಯಾಸವೇ ತಿಳಿಯಲಿಲ್ಲ. ದೂರದ ಪ್ರವಾಸಕ್ಕೆ ಈ ಬೆಲೆಯಲ್ಲಿ ಇದಕ್ಕಿಂತ ಒಳ್ಳೆಯದನ್ನು ನಾನು ಓಡಿಸಿಲ್ಲ. ಆದರೆ ಅದರ ತೂಕ 196 ಕೆಜಿ. ಘಟಪ್ರಭಾ ಎಡದಂಡೆ ಕಾಲುವೆಯ ಏರಿಯ ಮೇಲೆ ತಿರುಗಿಸಿಕೊಳ್ಳುವಾಗ ನನ್ನ ಕಾಲು ತಗ್ಗಿಗೆ ಸಿಕ್ಕು ಗಾಡಿ ಮಗ್ಗುಲಾಯಿತು. ಅದನ್ನು ಎತ್ತಲು ಪಕ್ಕದ ತೋಟದಿಂದ ಇಬ್ಬರನ್ನು ಕರೆಯಬೇಕಾಯಿತು. ಒಂಟಿಯಾಗಿ ಹೊಲ ತಿರುಗುವ ಕೆಲಸಕ್ಕೆ ಅದು ನನ್ನ ಗಾಡಿಯಲ್ಲ ಎಂದು ಅಂದೇ ತಿಳಿಯಿತು.

2025ರಲ್ಲಿ ಬಂದ ಎಕ್ಸ್‌ಪಲ್ಸ್ 210 ನನ್ನಂಥವರ ಮನಸ್ಸಿಗೆ ಹೆಚ್ಚು ಹತ್ತಿರದ್ದು. 24.6 ಪಿಎಸ್, ನೀರಿನಿಂದ ತಣಿಯುವ ಎಂಜಿನ್, ಆರು ಗೇರು, ಮುಂದೆ 210 ಮಿಲಿಮೀಟರ್ ಆಡುವ ಶಾಕ್ ಅಬ್ಸಾರ್ಬರ್. ಒಂದು ದಿನದ ಓಟದಲ್ಲಿ ಹಳೆಯದಕ್ಕಿಂತ ಹೆದ್ದಾರಿಯಲ್ಲಿ ಎಷ್ಟು ಸಲೀಸು ಎಂಬುದು ಮೊದಲ ಹತ್ತು ಕಿಲೋಮೀಟರಿಗೇ ಗೊತ್ತಾಯಿತು. ತೂಕ ಹತ್ತು ಕೆಜಿಯಷ್ಟಾದರೂ ಏರಿದೆ. ರೇಡಿಯೇಟರ್ ಬಂದದ್ದರಿಂದ, ಎರೆಮಣ್ಣಿನ ದಾರಿಯಲ್ಲಿ ಓಡಿಸುವವರು ಅದರ ರೆಕ್ಕೆಗಳಲ್ಲಿ ಕೆಸರು ಒಣಗದಂತೆ ಸಂಜೆಯ ಒರೆಸುವ ಕೆಲಸಕ್ಕೆ ಇನ್ನೂ ಎರಡು ನಿಮಿಷ ಸೇರಿಸಿಕೊಳ್ಳಬೇಕು. ದಿನಕ್ಕೆ ಅರವತ್ತು ಎಪ್ಪತ್ತು ಕಿಲೋಮೀಟರ್ ಡಾಂಬರು, ಉಳಿದದ್ದು ಹೊಲ ಎನ್ನುವವರಿಗೆ ಇದನ್ನೇ ತೆಗೆದುಕೊಳ್ಳಿ ಎನ್ನುತ್ತೇನೆ.

ಕೆಟಿಎಂ 390 ಎಂಡ್ಯೂರೊ ಆರ್ ಬೇರೆಯೇ ಜಾತಿ. 46 ಪಿಎಸ್ ಶಕ್ತಿಗೆ 860 ಮಿಲಿಮೀಟರ್ ಎತ್ತರದ ಸೀಟು, ಒಂಬತ್ತೇ ಲೀಟರ್ ಟ್ಯಾಂಕು. ಒಮ್ಮೆ ಓಡಿಸಿದವರಿಗೆ ಮರೆಯಲಾಗದ ಪಿಕಪ್. ಖಾನಾಪುರದ ಕಡೆಯ ಕೆಂಪು ಜಂಬಿಟ್ಟಿಗೆ ಮಣ್ಣಿನ ಏರುಗಳಲ್ಲಿ, ಟೈರಿಗೆ ಹಿಡಿತ ಸಿಗುವಲ್ಲಿ, ಆ ಶಕ್ತಿಗೆ ಅರ್ಥವಿದೆ. ಹಸಿ ಎರೆಯಲ್ಲಿ ಅದು ಚಕ್ರವನ್ನು ಸುಮ್ಮನೆ ತಿರುಗಿಸಿ ಹೂಳುತ್ತದೆ.

ನನ್ನ ಕುತೂಹಲ ನಿಂತಿರುವುದು ಕವಾಸಕಿ ಕೆಎಲ್‌ಎಕ್ಸ್ 230ರ ಮೇಲೆ. ಗಾಳಿಯಿಂದ ತಣಿಯುವ 233 ಸಿಸಿ ಸರಳ ಎಂಜಿನ್, 18 ಪಿಎಸ್ ಆಸುಪಾಸು ಶಕ್ತಿ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ 139 ಕೆಜಿ ತೂಕ. ಹೊಸ ಗಾಡಿಗಳೆಲ್ಲ ಶಕ್ತಿ ಏರಿಸುವ ಓಟದಲ್ಲಿ ತೂಕವನ್ನೂ ಏರಿಸಿಕೊಂಡಿರುವಾಗ ಇದೊಂದು ಅಪ್ಪನ ಆರ್‌ಎಕ್ಸ್ ಇದ್ದ ದಿಕ್ಕಿಗೆ ಒಂದಿಷ್ಟು ಹೆಜ್ಜೆ ಇಟ್ಟಿದೆ. ಟ್ಯಾಂಕು 7.6 ಲೀಟರಿನದಷ್ಟೇ, ಆದರೆ ಊರೂರಿಗೂ ಪೆಟ್ರೋಲ್ ಬಂಕ್ ಇರುವ ನಮ್ಮ ಕಡೆ ಅದು ದೊಡ್ಡ ಕೊರತೆಯಲ್ಲ. ಅದರ ಮೇಲೆ ಕುಳಿತು ನೋಡಿದ್ದೇನೆ, ಓಡಿಸಿಲ್ಲ. ಹಿಂಗಾರಿ ಬಿತ್ತನೆಗೆ ಮುಂಚಿನ ಮಳೆಯಲ್ಲಿ ಹಿಪ್ಪರಗಿ ಬ್ಯಾರೇಜಿನ ಕಡೆಯ ಹೊಲಗಳಿಗೆ ಒಯ್ದು, ಕುರ್ಪಿ ಜೊತೆಗಿಟ್ಟುಕೊಂಡೇ, ಒಂದು ವಾರವಾದರೂ ಓಡಿಸಿದ ಮೇಲೆ ಅದರ ಬಗ್ಗೆ ಬರೆಯುತ್ತೇನೆ. ಅಲ್ಲಿಯವರೆಗೆ ಎಕ್ಸ್‌ಪಲ್ಸ್ ಅನ್ನು ಮಾರುವ ವಿಚಾರವಿಲ್ಲ. ಆರ್‌ಎಕ್ಸ್‌ಗೆ ಮುಂದಿನ ಅಳತೆಯ, ಮೂಲದ್ದಕ್ಕಿಂತ ಅರ್ಧ ಮಿಲಿಮೀಟರ್ ಹೆಚ್ಚು ದಪ್ಪದ ಪಿಸ್ಟನ್ ಒಂದನ್ನು ಈಗಲೇ ತಂದು ಎಣ್ಣೆ ಸವರಿ ಕಪಾಟಿನಲ್ಲಿ ಇಟ್ಟಿದ್ದೇನೆ.