ಮನೆಮಂದಿಗೆ ಯಾವ ಪಾಸ್‌ವರ್ಡ್ ಮ್ಯಾನೇಜರ್? ಮಂಡಿಪೇಟೆಯಲ್ಲಿ ಕೂತು ನೋಡಿದ್ದು

ದಾವಣಗೆರೆ ಮಂಡಿಪೇಟೆಯ ಅಂಗಡಿಗಳಿಗೆ ಲೆಕ್ಕ ಬರೆದು, ಜಿಎಸ್‌ಟಿ, ಆದಾಯ ತೆರಿಗೆ ರಿಟರ್ನ್ ಹಾಕಿಕೊಡುವುದು ನನ್ನ ಕಸುಬು. ಹಾಗಾಗಿ ಜನ ತಮ್ಮ ಪಾಸ್‌ವರ್ಡುಗಳನ್ನು ಎಲ್ಲೆಲ್ಲಿ ಇಟ್ಟಿರುತ್ತಾರೆ ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಖಾತೆ ಪುಸ್ತಕದ ಕೊನೇ ಹಾಳೆ, ಗಲ್ಲಾಪೆಟ್ಟಿಗೆ ಮುಚ್ಚಳದ ಒಳಮೈ, ವಾಟ್ಸ್ಆ್ಯಪ್‌ನಲ್ಲಿ ತಮಗೆ ತಾವೇ ಕಳಿಸಿಕೊಂಡ ಮೆಸೇಜು. ಪಾಸ್‌ವರ್ಡಿನ ಧಾಟಿಯೂ ಹೆಚ್ಚುಕಮ್ಮಿ ಒಂದೇ: ಮನೆದೇವರ ಹೆಸರು, ಅದರ ಮುಂದೆ ಮಗ ಹುಟ್ಟಿದ ಇಸವಿ. ತೆರಿಗೆ ಪೋರ್ಟಲ್‌ಗೂ ಅದೇ, ರೈಲ್ವೆ ಟಿಕೆಟ್ಟಿಗೂ ಅದೇ, ಹಬ್ಬಕ್ಕೆ ಸೀರೆ ತರಿಸಿದ ಯಾವುದೋ ಸೈಟಿಗೂ ಅದೇ. ಆ ಸೀರೆ ಸೈಟಿನಿಂದ ಪಾಸ್‌ವರ್ಡ್ ಸೋರಿದರೆ, ಕಳ್ಳರು ಅದನ್ನೇ ಜಿಮೇಲ್‌ಗೂ ಹಾಕಿ ನೋಡುತ್ತಾರೆ. ಜಿಮೇಲ್ ತೆರೆದುಕೊಂಡಿತು ಅಂದರೆ ಉಳಿದ ಖಾತೆಗಳ ಪಾಸ್‌ವರ್ಡ್ ಬದಲಿಸಿಕೊಳ್ಳಲು ಅವರಿಗೆ ಹೊತ್ತು ಬೇಕಿಲ್ಲ.

ಒಂದೊಂದು ಸೈಟಿಗೂ ಬೇರೆ ಬೇರೆ ಪಾಸ್‌ವರ್ಡ್ ಇಟ್ಟು, ಎಲ್ಲವನ್ನೂ ನಮ್ಮ ಪರವಾಗಿ ನೆನಪಿಟ್ಟುಕೊಳ್ಳುವ ಆ್ಯಪ್‌ಗೆ ಪಾಸ್‌ವರ್ಡ್ ಮ್ಯಾನೇಜರ್ ಅನ್ನುತ್ತಾರೆ. ಅಂಥ ಆ್ಯಪ್‌ಗಳನ್ನು ನಾನು ನೋಡಿದ್ದು ಎರಡೇ ಪ್ರಶ್ನೆ ಇಟ್ಟುಕೊಂಡು. ನಮ್ಮ ಅತ್ತಿಗೆ ನನಗೆ ಫೋನ್ ಮಾಡದೆ ಇದನ್ನು ಬಳಸಬಲ್ಲರೇ? ಮನೆಯಲ್ಲಿ ವ್ಯವಹಾರ ನೋಡುವವರು ಆಸ್ಪತ್ರೆಯಲ್ಲಿದ್ದರೆ ಉಳಿದವರು ಕರೆಂಟ್ ಬಿಲ್ಲು, ಎಲ್‌ಐಸಿ ಕಂತು ಕಟ್ಟಬಲ್ಲರೇ?

ಕಂಪ್ಯೂಟರ್ ಮುಟ್ಟದೆ ಒಂದೇ ಆಂಡ್ರಾಯ್ಡ್ ಫೋನಿನಲ್ಲಿ ಎಲ್ಲ ಮಾಡುವವರು ಹೊಸದೇನನ್ನೂ ಹಾಕಿಕೊಳ್ಳುವುದು ಬೇಡ. ಗೂಗಲ್‌ನ ಪಾಸ್‌ವರ್ಡ್ ಮ್ಯಾನೇಜರ್ ಫೋನಿನಲ್ಲೇ ಇದೆ. ಪಾಸ್‌ವರ್ಡನ್ನು ಉಳಿಸುತ್ತದೆ, ತಾನೇ ತುಂಬುತ್ತದೆ, ಸೋರಿಹೋದ ಪಾಸ್‌ವರ್ಡ್ ಇದ್ದರೆ ಎಚ್ಚರಿಸುತ್ತದೆ. ನಮ್ಮ ಅಪ್ಪಾಜಿಗೆ ಅದೇ ಇರಲಿ ಅಂತ ಬಿಟ್ಟಿದ್ದೇನೆ. ಆದರೆ ಫೋನಿನ ಲಾಕ್ ಪಿನ್ ಮೊಮ್ಮಕ್ಕಳಿಗೆಲ್ಲ ಗೊತ್ತಿರಬಾರದು, ಗೂಗಲ್ ಖಾತೆಗೆ ಎರಡು ಹಂತದ ಪರಿಶೀಲನೆ, ಅಂದರೆ ಪಾಸ್‌ವರ್ಡಿನ ಜೊತೆಗೆ ಇನ್ನೊಂದು ಗುರುತನ್ನೂ ಕೇಳುವ ವ್ಯವಸ್ಥೆ, ಹಾಕಿರಬೇಕು. ಇವೆರಡು ಇಲ್ಲದಿದ್ದರೆ ಅದು ಭದ್ರ ಅನ್ನಲಾರೆ. ಐಫೋನ್ ಇರುವವರಿಗೆ 2024ರಲ್ಲಿ ಬಂದ ಐಒಎಸ್ 18ರಿಂದ ಪಾಸ್‌ವರ್ಡ್ಸ್ ಅನ್ನುವ ಪ್ರತ್ಯೇಕ ಆ್ಯಪ್ ಇದೆ, ಅದೂ ಸಾಕು.

ಫೋನು ಒಂದು ಕಂಪನಿಯದು, ಅಂಗಡಿಯ ಕಂಪ್ಯೂಟರ್ ಇನ್ನೊಂದು, ಮನೆಯವರ ಫೋನು ಮತ್ತೊಂದು, ಹೀಗಿರುವವರಿಗೆ ನಾನು ಹೇಳುವುದು ಬಿಟ್‌ವಾರ್ಡನ್. 2016ರಿಂದ ಇರುವ ಆ್ಯಪ್. ಅದರ ಕೋಡ್ ಬಹಿರಂಗವಾಗಿದೆ, ತಿಳಿದವರು ಯಾರು ಬೇಕಾದರೂ ತೆಗೆದು ನೋಡಬಹುದು. ದುಡ್ಡು ಕೊಡದಿದ್ದರೂ ಎಷ್ಟು ಪಾಸ್‌ವರ್ಡ್ ಇಡಬೇಕು, ಎಷ್ಟು ಫೋನು, ಕಂಪ್ಯೂಟರಿನಲ್ಲಿ ಬಳಸಬೇಕು ಅನ್ನುವುದಕ್ಕೆ ಮಿತಿ ಇಲ್ಲ. ನಮ್ಮಂಥವರಿಗೆ ಇದು ದೊಡ್ಡ ಅನುಕೂಲ. ಕಂಪ್ಯೂಟರಿನ ಬ್ರೌಸರಿಗೆ ಸೇರಿಸಿಕೊಳ್ಳುವ ಅದರ ಪುಟ್ಟ ಆ್ಯಪ್, ಅಂದರೆ ಎಕ್ಸ್‌ಟೆನ್ಶನ್‌ನಲ್ಲಿ ಕನ್ನಡವನ್ನು ಆರಿಸಿಕೊಳ್ಳಬಹುದು, ಆದರೆ ಎಲ್ಲ ಸಾಲುಗಳೂ ಕನ್ನಡಕ್ಕೆ ಬಂದಿಲ್ಲ.

ಅತ್ತಿಗೆ ನಿಟುವಳ್ಳಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾರೆ. ಅವರ ಫೋನಿಗೆ ಹಾಕಿಕೊಡುವಾಗ ಹೊತ್ತು ಹಿಡಿದದ್ದು ಮಾಸ್ಟರ್ ಪಾಸ್‌ವರ್ಡ್ ಆರಿಸುವುದಕ್ಕೆ. ಉಳಿದ ಎಲ್ಲವನ್ನೂ ತೆರೆಯುವುದು ಇದೊಂದೇ, ಕನಿಷ್ಠ 12 ಅಕ್ಷರ ಇರಲೇಬೇಕು.

"ದುರ್ಗಮ್ಮನ ಹೆಸರೇ ಇಟ್ಟುಬಿಡೇ, ಮರೆಯಲ್ಲ" ಅಂದರು.

"ಬ್ಯಾಡ್ರಿ ಅತ್ತಿಗೆ, ನಮ್ಮೂರಲ್ಲಿ ಮೊದಲು ಹಾಕಿ ನೋಡೋದೇ ಆ ಹೆಸರು. ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕು ಮಾತು ಹೇಳ್ರಿ."

ಅಣ್ಣನ ಮಗಳ ನಿಘಂಟು ತಗೊಂಡು, ಕಣ್ಣು ಮುಚ್ಚಿ ಪುಟ ತೆರೆದು, ಬೆರಳಿಟ್ಟಲ್ಲಿ ಸಿಕ್ಕ ಪದಗಳನ್ನು ಆರಿಸಿದೆವು. ಅವರದನ್ನು ಇಲ್ಲಿ ಬರೆಯುವುದಿಲ್ಲ. ಹುಣಸೆ, ಇಂಜಿನ್, ಪಂಚಾಂಗ, ಕೊಡೆ ಅನ್ನುವ ಥರದ್ದು ಅಂದುಕೊಳ್ಳಿ. ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಒಂದೊಂದು ಅಡ್ಡಗೆರೆ ಹಾಕಿ ಬರೆದರೆ ಉದ್ದವೂ ಆಯಿತು, ಬಾಯಲ್ಲೂ ನಿಂತಿತು. ಕಷ್ಟದ ಚಿಹ್ನೆಗಳನ್ನು ತುರುಕಿದ ಗಿಡ್ಡ ಪಾಸ್‌ವರ್ಡಿಗಿಂತ ಹೀಗೆ ಆರಿಸಿದ ಉದ್ದದ್ದೇ ಗಟ್ಟಿ. ಸಂಜೆಯೊಳಗೆ ಅತ್ತಿಗೆ ನೋಡದೆ ಟೈಪ್ ಮಾಡುತ್ತಿದ್ದರು.

ಆಮೇಲಿನದು ಸಲೀಸು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಟೋಫಿಲ್‌ಗೆ (ಪಾಸ್‌ವರ್ಡನ್ನು ತಾನೇ ತುಂಬುವುದಕ್ಕೆ) ಬಿಟ್‌ವಾರ್ಡನ್ ಆರಿಸಬೇಕು, ಆ್ಯಪ್‌ನಲ್ಲಿ ಬೆರಳಚ್ಚು ಆನ್ ಮಾಡಬೇಕು. ದಿನಾ ಹೆಬ್ಬೆರಳಲ್ಲೇ ತೆರೆದರೆ ಮಾಸ್ಟರ್ ಪಾಸ್‌ವರ್ಡ್ ಮರೆತುಹೋಗುವುದು ಖಂಡಿತ, ಅದಕ್ಕೇ ವಾರಕ್ಕೊಮ್ಮೆ ಕೈಯಿಂದ ಟೈಪ್ ಮಾಡಿ ತೆರೆಯಿರಿ ಅಂತ ಹೇಳಿದ್ದೇನೆ. ಮರೆತರೆ ಕಂಪನಿಯವರು ತೆಗೆದುಕೊಡಲಾರರು, ಅವರ ಬಳಿ ಅದು ಇರುವುದೇ ಇಲ್ಲ. ನಮ್ಮ ಪಾಸ್‌ವರ್ಡುಗಳು ನಮ್ಮ ಫೋನಿನಲ್ಲೇ ಗೂಢಲಿಪಿಯಾಗಿ, ಆಮೇಲೆ ಅವರ ಸರ್ವರ್‌ಗೆ ಹೋಗುತ್ತವೆ. ಆದ್ದರಿಂದ ಮಾಸ್ಟರ್ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಬೀರುವಿನ ಲಾಕರಿನಲ್ಲಿ ಇಡಬೇಕು. ಕಾಗದದಲ್ಲಿ ಬರೆಯಬಾರದು ಅನ್ನುವ ಮಾತನ್ನು ಮನೆಯ ಮಟ್ಟಿಗೆ ನಾನು ಒಪ್ಪುವುದಿಲ್ಲ. ದೂರದಲ್ಲಿ ಕೂತ ಕಳ್ಳನಿಗೆ ನಮ್ಮ ಬೀರು ಸಿಗುವುದಿಲ್ಲ.

ಅದೇ ಕಾಗದದಲ್ಲಿ ಜಿಮೇಲ್ ಪಾಸ್‌ವರ್ಡನ್ನೂ ಬರೆಯಿರಿ, ಇದನ್ನು ಬಹಳ ಜನ ಯೋಚಿಸಿರುವುದಿಲ್ಲ. ಎರಡು ಹಂತದ ಲಾಗಿನ್ ಹಾಕಿಕೊಳ್ಳದವರು ಹೊಸ ಫೋನಿನಲ್ಲಿ ತೆರೆಯಲು ಹೋದರೆ, 2025ರಿಂದ ಬಿಟ್‌ವಾರ್ಡನ್ ಇಮೇಲ್‌ಗೆ ಒಂದು ಕೋಡ್ ಕಳಿಸುತ್ತದೆ. ಇರುವ ಒಂದೇ ಫೋನು ಕಳೆದುಹೋಗಿ, ಆ ಇಮೇಲ್‌ನ ಪಾಸ್‌ವರ್ಡ್ ಬಿಟ್‌ವಾರ್ಡನ್ ಒಳಗೇ ಇದ್ದರೆ ಎರಡೂ ಕಡೆ ಬಾಗಿಲು ಮುಚ್ಚಿದಂತಾಯಿತು. ಎರಡು ಹಂತ ಹಾಕಿಕೊಂಡವರಿಗೆ, ಆ ಎರಡನೇ ಹಂತ ಕೈಗೆ ಸಿಗದಾದಾಗ ಬಳಸಲು ರಿಕವರಿ ಕೋಡ್ ಸಿಗುತ್ತದೆ, ಅದೂ ಅದೇ ಕಾಗದಕ್ಕೆ ಸೇರಬೇಕು.

"ಎಲ್ಲಾ ಒಂದೇ ಕಡೆ ಇಟ್ಟು, ಅದೇ ಕಳವಾದ್ರೆ ಏನ್ ಗತಿ ಅಕ್ಕಾರೆ?" ಅಂತ ಮಂಡಿಪೇಟೆಯ ಸಾವ್ಕಾರ್ರು ಕೇಳುತ್ತಾರೆ. ಸರಿಯಾದ ಪ್ರಶ್ನೆ, ಹಾಗೆ ಆಗಿಯೂ ಇದೆ. 2022ರಲ್ಲಿ ಲಾಸ್ಟ್‌ಪಾಸ್ ಎಂಬ ಹೆಸರಾಂತ ಸೇವೆಯ ಬಳಕೆದಾರರ ಖಜಾನೆಗಳ (ಪಾಸ್‌ವರ್ಡುಗಳನ್ನೆಲ್ಲ ಕೂಡಿಟ್ಟ ಜಾಗಕ್ಕೆ ಹಾಗೆ ಅನ್ನುವುದು) ಬ್ಯಾಕಪ್ಪನ್ನೇ ಕದ್ದರು. ಒಳಗಿನ ಪಾಸ್‌ವರ್ಡುಗಳು ಗೂಢಲಿಪಿಯಲ್ಲಿದ್ದವು, ಸೈಟುಗಳ ವಿಳಾಸ ಮಾತ್ರ ಹಾಗೇ ಇತ್ತು. ಇಂಥ ಕಳವಾದಾಗ ಗಟ್ಟಿ ಮಾಸ್ಟರ್ ಪಾಸ್‌ವರ್ಡ್ ಇಟ್ಟವರ ಖಜಾನೆ ಒಡೆಯುವುದು ಬಲು ಕಷ್ಟ, ಸುಲಭದ್ದು ಇಟ್ಟವರದು ಅಪಾಯದಲ್ಲಿ. ನಿಘಂಟು ಹಿಡಿದು ಕೂತದ್ದು ಅದಕ್ಕೇ.

ಇನ್ನೊಂದು ಉಪಯೋಗ ನನಗೆ ಎಲ್ಲಕ್ಕಿಂತ ಮುಖ್ಯ. ರಿಟರ್ನ್ ಹಾಕುವ ಜುಲೈ ತಿಂಗಳಲ್ಲಿ ಅದೇ ಸಾವ್ಕಾರ್ರಿಗೆ "ನಿಮ್ಮ ರಿಫಂಡ್ ಬಂದಿದೆ" ಅಂತ ಮೆಸೇಜು ಬಂತು. ಒತ್ತಿದರೆ ತೆರಿಗೆ ಇಲಾಖೆಯದೇ ಪುಟ, ಅದೇ ಬಣ್ಣ, ಅದೇ ಲಾಂಛನ. ಆದರೆ ಪ್ರತಿ ಸಲ ಬರುತ್ತಿದ್ದ ಅವರ ಖಾತೆಯ ಸಾಲು ಕೀಬೋರ್ಡಿನ ಮೇಲೆ ಮೂಡಲೇ ಇಲ್ಲ. "ಯಾಕೋ ಇವತ್ತು ತುಂಬ್ತಿಲ್ಲ ನೋಡ್ರಿ" ಅಂತ ಫೋನ್ ತಂದು ತೋರಿಸಿದರು. ವಿಳಾಸದ ಕೊನೆಯಲ್ಲಿ ಸರ್ಕಾರಿ ಸೈಟಿನ ಗೌ ಡಾಟ್ ಇನ್ (gov.in) ಇರಲಿಲ್ಲ. ಕಣ್ಣು ಬಣ್ಣಕ್ಕೆ ಮೋಸ ಹೋಗಬಹುದು, ಆ್ಯಪ್ ನೋಡುವುದು ವಿಳಾಸವನ್ನು ಮಾತ್ರ. ಆದರೆ ಇಂಥ ಮೆಸೇಜಿನಲ್ಲಿ ಬರುವ ಎಪಿಕೆ ಫೈಲ್, ಅಂದರೆ ಪ್ಲೇ ಸ್ಟೋರ್ ಬಿಟ್ಟು ನೇರವಾಗಿ ಫೋನಿಗೆ ಆ್ಯಪ್ ಹಾಕುವ ಫೈಲ್, ಇಳಿಸಿಕೊಂಡರೆ ಮಾತ್ರ ಯಾವ ಪಾಸ್‌ವರ್ಡ್ ಮ್ಯಾನೇಜರನ್ನೂ ನೆಚ್ಚಿ ಕೂರುವಂತಿಲ್ಲ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಹಂಚಿಕೊಳ್ಳುವ ವಿಚಾರ. ಬಿಟ್‌ವಾರ್ಡನ್‌ನಲ್ಲಿ ಇಬ್ಬರು ಸೇರಿ ಒಂದು ಆರ್ಗನೈಸೇಶನ್, ಅಂದರೆ ಇಬ್ಬರಿಗೂ ಕಾಣುವ ಹಂಚಿಕೆಯ ಜಾಗ, ಮಾಡಿಕೊಳ್ಳುವುದು ಉಚಿತ. ಬೆಸ್ಕಾಂ, ಗ್ಯಾಸ್, ಎಲ್‌ಐಸಿ, ಮಗಳ ಶಾಲೆಯ ಆ್ಯಪ್, ಇಷ್ಟನ್ನು ಅಣ್ಣ ಅತ್ತಿಗೆ ಅಲ್ಲಿಟ್ಟಿದ್ದಾರೆ. ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಹಂಚಬಾರದು, ಅದು ಅವರವರ ಖಜಾನೆಯಲ್ಲೇ ಇರಲಿ. ಯುಪಿಐ ಪಿನ್ ಎಲ್ಲಿಯೂ ಬೇಡ, ತಲೆಯಲ್ಲೇ ಇರಲಿ. ನಾವಿಲ್ಲದಾಗ ನಮ್ಮವರೊಬ್ಬರು ಕೋರಿಕೆ ಸಲ್ಲಿಸಿ, ನಾವು ಗೊತ್ತುಮಾಡಿದಷ್ಟು ದಿನ ಕಾದು ಖಜಾನೆ ತೆರೆಯುವ ತುರ್ತು ಸೌಲಭ್ಯವೂ ಇದೆ, ಆದರೆ ಅದು ದುಡ್ಡು ಕೊಟ್ಟವರಿಗೆ. ಕುಟುಂಬಗಳಿಗೆ ಅತಿ ಬೇಕಾದದ್ದು ಅದೇ, ಉಚಿತದಲ್ಲೂ ಸಿಗಬೇಕಿತ್ತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸದ್ಯಕ್ಕೆ ಲಾಕರಿನ ಕಾಗದ ಆ ಕೆಲಸ ಮಾಡುತ್ತದೆ.

ಉಳಿದವುಗಳ ಬಗ್ಗೆ ಚುಟುಕಾಗಿ: ಒನ್‌ಪಾಸ್‌ವರ್ಡ್ ಅಚ್ಚುಕಟ್ಟಾಗಿದೆ, ಆದರೆ ಉಚಿತ ಯೋಜನೆ ಇಲ್ಲ. ಕೀಪಾಸ್ ಕುಟುಂಬದ ಆ್ಯಪ್‌ಗಳು ಎಲ್ಲವನ್ನೂ ನಮ್ಮದೇ ಫೈಲಿನಲ್ಲಿ ಇಡುತ್ತವೆ, ಯಾರ ಸರ್ವರ್ ಹಂಗೂ ಇಲ್ಲ, ನನಗೆ ಬಹಳ ಹಿಡಿಸಿದವು. ಆ ಫೈಲನ್ನು ಫೋನಿಗೂ ಕಂಪ್ಯೂಟರಿಗೂ ಸಾಗಿಸುತ್ತ ಕಾಪಾಡುವ ಕೆಲಸವನ್ನು ಅತ್ತಿಗೆಯ ತಲೆಗೆ ಕಟ್ಟಲಾರೆ.

ಕೆಲವು ಬ್ಯಾಂಕ್ ಸೈಟುಗಳು ಪೇಸ್ಟ್ ಮಾಡಲು ಬಿಡುವುದಿಲ್ಲ. ಅಲ್ಲಿ ಆ್ಯಪ್ ತೆರೆದು, ನೋಡಿಕೊಂಡು ಕೈಯಿಂದಲೇ ಟೈಪ್ ಮಾಡಬೇಕು. ಅಂಥ ಸೈಟಿಗೆ ಪದಗಳ ಪಾಸ್‌ವರ್ಡನ್ನೇ ಮಾಡಿಸಿಕೊಳ್ಳಿ, ಹೊಸ ಪಾಸ್‌ವರ್ಡ್ ಮಾಡಿಕೊಡುವ ಬಿಟ್‌ವಾರ್ಡನ್‌ನ ಜನರೇಟರ್‌ನಲ್ಲಿ ಆ ಆಯ್ಕೆ ಇದೆ.

ಶುರು ಮಾಡುವವರು ಎಲ್ಲವನ್ನೂ ಒಂದೇ ದಿನ ಬದಲಿಸಲು ಹೋಗಬೇಡಿ. ಮೊದಲು ಜಿಮೇಲ್, ಆಮೇಲೆ ಬ್ಯಾಂಕು, ತೆರಿಗೆ ಪೋರ್ಟಲ್. ಉಳಿದವನ್ನು ಲಾಗಿನ್ ಆದಾಗ ಆದಾಗ ಬದಲಿಸಿಕೊಂಡರಾಯಿತು. ಕ್ರೋಮ್‌ನಲ್ಲಿ ಉಳಿಸಿದ ಹಳೆಯದನ್ನು ಸಿಎಸ್‌ವಿ ಅನ್ನುವ ಸಾದಾ ಪಟ್ಟಿಯ ಫೈಲಾಗಿ ಇಳಿಸಿ ಬಿಟ್‌ವಾರ್ಡನ್‌ಗೆ ಏರಿಸಬಹುದು. ಆ ಫೈಲಿನಲ್ಲಿ ಪಾಸ್‌ವರ್ಡುಗಳೆಲ್ಲ ಬರಿಗಣ್ಣಿಗೆ ಕಾಣುವಂತೆ ಇರುತ್ತವೆ. ಏರಿಸಿದ ಕೂಡಲೇ ಅಳಿಸಿ, ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿ, ಕ್ರೋಮ್‌ನಲ್ಲಿ ಪಾಸ್‌ವರ್ಡ್ ಉಳಿಸುವುದನ್ನು ಆಫ್ ಮಾಡಿ. ಇಲ್ಲದಿದ್ದರೆ ಎರಡೂ ಕಡೆಯಿಂದ "ಉಳಿಸಲೇ?" ಅಂತ ಕೇಳುತ್ತ, ಹೊಸ ಪಾಸ್‌ವರ್ಡ್ ಎಲ್ಲಿದೆ ಅನ್ನುವುದೇ ತಿಳಿಯದ ಹಾಗಾಗುತ್ತದೆ.